ಸ್ಟೆಮ್ ಸೆಲ್ ಹಾಕಿಸಿದಿರಾ? ಸ್ಕ್ಯಾನಿಂಗ್ ನಿಲ್ಲಿಸಬೇಡಿ

ಅಪ್ಪನಿಗೆ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ. ಎರಡು ವರ್ಷದ ಹಿಂದೆ ಒಂದು ಕ್ಲಿನಿಕ್‌ನಲ್ಲಿ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚಿಕಿತ್ಸೆ ಮಾಡಿಸಿದೆವು. ಮೊದಮೊದಲು ಚೆನ್ನಾಗೇ ಇದ್ದರು. ಊಟ ಸೇರುತ್ತಿತ್ತು, ಕಾಮಾಲೆ ತೋರಿಸುವ ಬಿಲಿರುಬಿನ್ ಇಳಿದಿತ್ತು. ಮೂರನೇ ತಿಂಗಳಿಗೆ ಅಲ್ಲಿನವರು, "ಲಿವರ್ ಹೊಸದಾಗ್ತಿದೆ, ಇನ್ನು ಬರೋದು ಬೇಡ" ಎಂದರು. ಆ ಮಾತು ನಂಬಿ, ಮುಂಚಿನಿಂದ ಮಾಡಿಸುತ್ತಿದ್ದ ಹೊಟ್ಟೆಯ ಸ್ಕ್ಯಾನಿಂಗನ್ನೂ ಬಿಟ್ಟುಬಿಟ್ಟೆವು.

ದಯವಿಟ್ಟು ಹೀಗೆ ಮಾಡಬೇಡಿ. ಸಿರೋಸಿಸ್ ಇದ್ದವರಿಗೆ ಲಿವರ್ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ. 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡುವುದು, ಎಷ್ಟೋ ಕಡೆ ಜೊತೆಗೆ ಈ ಕ್ಯಾನ್ಸರಿನ ಸುಳಿವು ಕೊಡಬಲ್ಲ ಎಎಫ್‌ಪಿ ರಕ್ತಪರೀಕ್ಷೆ ಬರೆದುಕೊಡುವುದು ಅದಕ್ಕೇ. ಸೆಲ್ ಹಾಕಿಸಿದ ಮಾತ್ರಕ್ಕೆ ಆ ಅಪಾಯ ಮುಗಿಯುವುದಿಲ್ಲ. ನಮಗೆ ಇದನ್ನು ಯಾರೂ ಹೇಳಲಿಲ್ಲ.

ಹೋದ ತಿಂಗಳು ಅಪ್ಪನ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಲಿವರಿನಲ್ಲಿ 5 ಸೆಂಟಿಮೀಟರಿನ ಗಡ್ಡೆ, ಕರುಳಿನಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲಿ ರಕ್ತದ ಹೆಪ್ಪು. ಡಾಕ್ಟರು ಒಂದೊಂದಾಗಿ ಕೇಳಿದರು. ಅವರದೇ ಮೂಳೆಮಜ್ಜೆಯ ಸೆಲ್ಲಾ, ಬೇರೆಯವರ ಹೊಕ್ಕುಳಬಳ್ಳಿಯದ್ದಾ? ಎಷ್ಟು ಹಾಕಿದರು? ಕೈಯ ನರಕ್ಕೋ, ಲಿವರಿನ ರಕ್ತನಾಳಕ್ಕೋ? ನಮ್ಮ ಹತ್ತಿರ ಇದ್ದದ್ದು ಒಂದು ರಸೀದಿ ಮಾತ್ರ. ಕ್ಲಿನಿಕ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ಫೈಲ್ ಸಿಗುತ್ತಿಲ್ಲವಂತೆ.

ಗಡ್ಡೆ ಬಹುಶಃ ಸಿರೋಸಿಸ್‌ನಿಂದಲೇ ಬಂದಿರಬೇಕು, ಆದರೆ ದಾಖಲೆ ಇಲ್ಲದೆ ಹೆಪ್ಪಿನ ಬಗ್ಗೆಯೂ ಗಡ್ಡೆಯ ಬಗ್ಗೆಯೂ ಖಚಿತವಾಗಿ ಏನೂ ಹೇಳಲಾಗದು ಎಂದರು ಡಾಕ್ಟರು. ಆಮೇಲೆ ನಾನೂ ಓದಿದೆ. 2009ರಲ್ಲಿ ವರದಿಯಾದ ಒಬ್ಬ ಹುಡುಗನಿಗೆ, ಭ್ರೂಣದ ನರ ಸ್ಟೆಮ್ ಸೆಲ್ ಹಾಕಿಸಿ 4 ವರ್ಷವಾದ ಮೇಲೆ ಮಿದುಳಲ್ಲಿ ಗಡ್ಡೆ ಕಂಡಿತ್ತು. ಪರೀಕ್ಷೆ ಮಾಡಿದರೆ ಅದು ದಾನಿಗಳ ಕೋಶದಿಂದಲೇ ಬೆಳೆದದ್ದು. ಅದು ಲಿವರಿನ ವಿಷಯವಲ್ಲ, ಸೆಲ್‌ನ ಬಗೆಯೂ ಬೇರೆ. ಆದರೂ 3 ತಿಂಗಳಿಗೆ ಕಾಣದ್ದು 4 ವರ್ಷಕ್ಕೆ ಕಾಣಬಹುದು ಅಲ್ವಾ? ಯುರೋಪಿನ ಕಾನೂನು ದಾನಿಯಿಂದ ರೋಗಿಯವರೆಗಿನ ದಾಖಲೆಯನ್ನು 30 ವರ್ಷ ಇಡಲು ಹೇಳುವುದು ಸುಮ್ನೆ ಅಲ್ಲ.

ಲಿವರಿಗೆ ಕೊಡುವ ಸ್ಟೆಮ್ ಸೆಲ್ ಚಿಕಿತ್ಸೆಗಳಲ್ಲಿ ಹೆಚ್ಚಿನವು ಇನ್ನೂ ಟ್ರಯಲ್ ಹಂತದಲ್ಲೇ ಇವೆ. ಹಾಗಾಗಿ ಮಾಡಿಸುವ ಮೊದಲೇ ಕೇಳಿ: ಮುಂದಿನ ವರ್ಷಗಳಲ್ಲಿ ನನ್ನನ್ನು ನೋಡುವವರು ಯಾರು? ಸೆಲ್‌ನ ಮೂಲ, ಬ್ಯಾಚ್ ನಂಬರ್, ಪ್ರಮಾಣ, ಹಾಕಿದ ದಾರಿ, ಎಲ್ಲವನ್ನೂ ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಂಡೇ ಹೊರಡಿ. ಮುಂದೆ ಲಿವರ್ ಕಸಿ ಬೇಕಾಗಿ ಬಂದರೂ ಆ ಕಾಗದ ಬೇಕು, ಯಾಕೆಂದರೆ ಬೇರೆಯವರ ಸೆಲ್‌ಗೆ ದೇಹ ಪ್ರತಿಕಾಯ (ಹೊರಗಿನದ್ದರ ವಿರುದ್ಧ ಹೋರಾಡುವ ಅಂಶ) ಬೆಳೆಸಿಕೊಂಡಿರಬಹುದು, ಅದು ಕಸಿಗೆ ತೊಡಕಾಗಬಹುದು.

ನಾಳೆ ಅಪ್ಪನಿಗೆ ಎಂಆರ್‌ಐ ಇದೆ. ಫಾರ್ಮಿನಲ್ಲಿ ಹಿಂದಿನ ಚಿಕಿತ್ಸೆ ಎಂದು ಕೇಳಿರುವ ಕಡೆ 'ಸ್ಟೆಮ್ ಸೆಲ್' ಎಂದಷ್ಟೇ ಬರೆದಿದ್ದೇನೆ. ಅದಕ್ಕಿಂತ ಜಾಸ್ತಿ ನನಗೆ ಗೊತ್ತಿಲ್ಲ.