ಕೀ ತೆಗೆದರೆ ತಾನೇ ಮರೆಯುವ ಸ್ವಿಚ್: ಉದ್ಯಮಬಾಗದ ಒಂದು ವೈರಿಂಗ್ ಅಂಗಡಿ

ಬೆಳಗಾವಿ ಜಿಲ್ಲೆಯ ಜಾಂಬೋಟಿ ಕಡೆ ಇರುವ ನಮ್ಮ ಗೋಡಂಬಿ ತೋಟಕ್ಕೆ ಹೋಗಬೇಕಂದರೆ ಒಂದು ಹಳ್ಳ ದಾಟಿ ಕೆಂಪು ಮಣ್ಣಿನ ಏರು ಹತ್ತಬೇಕು. ಬೇಸಿಗೆಯಲ್ಲಿ ಅದು ಕಲ್ಲು, ಮಳೆಗಾಲದಲ್ಲಿ ಸಾಬೂನು. ಎಡಕ್ಕೆ ದಿಬ್ಬ, ಬಲಕ್ಕೆ ಹಳ್ಳದ ಕಡೆ ಇಳಿಜಾರು. ಹೋದ ಜೂನ್‌ನಲ್ಲಿ ಹಿಂದೆ ಹತ್ತು ಚೀಲ ಯೂರಿಯಾ ಹೇರಿಕೊಂಡು, ಅಂದರೆ ನಾನೂರೈವತ್ತು ಕೆಜಿ, ಏರಿನ ನಡುವೆ ನನ್ನ ಪಿಕಪ್ ಬಂದ್ ಬಿತ್ತು.

ನಮ್ಮದು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡ ಡೀಸೆಲ್ ಫೋರ್ ಬೈ ಫೋರ್. ಮ್ಯಾನುವಲ್ ಗೇರು, ಕೀ ತಿರುವಿ ಚಾಲೂ ಮಾಡುವುದು. ಕ್ಲಚ್ ಪೂರ್ತಿ ತುಳಿಯದೆ ಸೆಲ್ಫ್ ಹೊಡೆಯುವುದಿಲ್ಲ. ಊರಲ್ಲಿ, ಪೇಟೆಯಲ್ಲಿ ಅದು ಒಳ್ಳೆಯದೇ. ಆದರೆ ಏರಿನಲ್ಲಿ ಬಂದ್ ಬಿದ್ದಾಗ ಗಾಡಿಯನ್ನು ಹಿಡಿದಿರುವುದು ಬ್ರೇಕ್ ಒಂದೇ ಅಲ್ಲ, ಗೇರಿನಲ್ಲಿರುವ ಎಂಜಿನ್ ಕೂಡ. ಕ್ಲಚ್ ತುಳಿದ ಕ್ಷಣ ಆ ಎರಡನೇ ಹಿಡಿತ ಹೋಗುತ್ತದೆ. ಮೇಲಿಂದ ಎಂಜಿನ್ ನಿಂತ ಮೇಲೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ನಾನು ಕ್ಲಚ್ ತುಳಿದೆ, ಕೀ ತಿರುವಿದೆ, ಅಷ್ಟರಲ್ಲಿ ಗಾಡಿ ನಾಲ್ಕು ಅಡಿ ಹಿಂದೆ ಜಾರಿ ಬಲಕ್ಕೆ ಎಳೆಯಿತು. ಮಗ ಓಡಿ ಬಂದು ಚಕ್ರದ ಹಿಂದೆ ಕಲ್ಲು ಕೊಟ್ಟ. ಅವನು ಗಾಡಿಯ ಹಿಂದೆ ಬಂದದ್ದೇ ನನಗೆ ಈಗಲೂ ಮೈ ನಡುಗಿಸುತ್ತದೆ.

ಇದಕ್ಕೆ ಇರುವ ಉಪಾಯ ಹೊಸದೇನಲ್ಲ. ಟೊಯೋಟಾದವರು ಎಫ್‌ಜೆ ಕ್ರೂಸರ್, ಟಕೋಮಾದಂಥ ಮ್ಯಾನುವಲ್ ಗಾಡಿಗಳಿಗೆ ಕಂಪನಿಯಿಂದಲೇ 'ಕ್ಲಚ್ ಸ್ಟಾರ್ಟ್ ಕ್ಯಾನ್ಸಲ್' ಅಂತ ಒಂದು ಬಟನ್ ಕೊಡುತ್ತಿದ್ದರು. ಅವು ನಮ್ಮಲ್ಲಿ ಮಾರಾಟಕ್ಕೆ ಬರಲಿಲ್ಲ. ಬಟನ್ ಒತ್ತಿದರೆ ಕ್ಲಚ್ ಮುಟ್ಟದೆ, ಗೇರಿನಲ್ಲೇ ಸೆಲ್ಫ್ ಹೊಡೆಯಬಹುದು. ಸೆಲ್ಫ್ ಮೋಟಾರೇ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ, ಎಳೆಯುತ್ತ ಎಳೆಯುತ್ತ ಎಂಜಿನ್ ಹಿಡಿದುಕೊಳ್ಳುತ್ತದೆ. ಜಾರುವುದಕ್ಕೆ ಸಂದೇ ಇಲ್ಲ.

ಅದನ್ನು ಮಾಡಿಸಲು ಮೊದಲು ಹೋದದ್ದು ಬೇರೆ ಅಂಗಡಿಗೆ. ಹೆಸರು ಬೇಡ. ಹತ್ತು ನಿಮಿಷ, ಮುನ್ನೂರು ರೂಪಾಯಿ. ಕ್ಲಚ್ ತುಳಿದಾಗ ಮಾತ್ರ ಸೆಲ್ಫಿಗೆ ದಾರಿ ಬಿಡುವ, ಪೆಡಲಿನ ಬುಡದಲ್ಲಿರುವ ಸ್ವಿಚ್ಚಿನ ಎರಡು ವೈರು ಕತ್ತರಿಸಿ, ಒಂದಕ್ಕೊಂದು ಹೊಸೆದು, ಟೇಪು ಸುತ್ತಿ ಕಳಿಸಿದರು. ಇನ್ನು ಯಾವಾಗಲೂ ಕ್ಲಚ್ ಬೇಡ ಅಂದರು. ನಾನು ಖುಷಿಯಿಂದ ಮನೆಗೆ ಬಂದೆ.

ಒಂದು ತಿಂಗಳಾಗಿರಬೇಕು. ನಮ್ಮ ಅಂಗಳ ಸ್ವಲ್ಪ ಇಳಿಜಾರು, ಹಾಗಾಗಿ ಗಾಡಿಯನ್ನು ಫಸ್ಟ್ ಗೇರಿನಲ್ಲಿ ನಿಲ್ಲಿಸುವ ರೂಢಿ. ರಾತ್ರಿ ಮಳೆ ಬಂದಿತ್ತು. ಬೆಳಿಗ್ಗೆ ತಮ್ಮ ಹೊರಗೆ ನಿಂತೇ ಕಿಟಕಿಯೊಳಗೆ ಕೈ ಹಾಕಿ, ಗ್ಲಾಸ್ ಏರಿಸೋಣ ಅಂತ ಕೀ ತಿರುವಿದ. ಕೀ ಒಂದು ಗೆರೆ ಹೆಚ್ಚು ತಿರುಗಿತು. ಗಾಡಿ ಹಾರಿದ ಹಾಗೆ ಮುಂದೆ ಹೋಗಿ ದನಗಳ ನೀರಿನ ಬಾನಿಗೆ ಗುದ್ದಿ ನಿಂತಿತು. ಬಾನಿಯ ಆಚೆ ಕರು ಕಟ್ಟಿತ್ತು. ಅವ್ವ ಕಟ್ಟೆಯ ಮೇಲೆ ಸಗಣಿ ಬುಟ್ಟಿ ಹಿಡಿದು ನಿಂತಿದ್ದಳು. ಯಾರಿಗೂ ಏನೂ ಆಗಲಿಲ್ಲ, ಬಾನಿ ಒಡೆಯಿತು ಅಷ್ಟೇ. ಅವತ್ತೇ ಪೆಡಲಿನ ಕೆಳಗೆ ಮಲಗಿ ಆ ಟೇಪು ಬಿಚ್ಚಿದೆ. ಮರುದಿನ ಗಾಡಿಯನ್ನು ತಳ್ಳಿ ಚಾಲೂ ಮಾಡಿಕೊಂಡು ಬೆಳಗಾವಿಗೆ ಬಂದೆ.

ನಾನು ಹೇಳಹೊರಟ ಅಂಗಡಿ ಇರುವುದು ಅಲ್ಲಿನ ಉದ್ಯಮಬಾಗದಲ್ಲಿ. ಜಾಂಬೋಟಿಯಿಂದ ಬರುವಾಗ ಕಿಣಯೆ, ಪೀರನವಾಡಿ ದಾಟಿದ ಮೇಲೆ, ಫೌಂಡ್ರಿಗಳ ಸಾಲಿನ ಹಿಂದಿನ ಓಣಿ. ಬೋರ್ಡ್ ಮಸುಕಾಗಿದೆ. ಮಿಸ್ತ್ರಿ ಅರವತ್ತರ ಆಸುಪಾಸಿನವರು, ಎಲ್ಲರೂ ಕಾಕಾ ಅನ್ನುತ್ತಾರೆ. ಮೂರು ಗಾಡಿ ನಿಂತರೆ ನಾಲ್ಕನೆಯದಕ್ಕೆ ಜಾಗವಿಲ್ಲ, ನಾನು ಹೋದಾಗ ನಾಲ್ಕನೆಯದು ನನ್ನದು. ಎರಡು ತಾಸು ಕಾದೆ.

ನನ್ನ ಕಥೆ ಕೇಳಿ ಕಾಕಾ ಮೊದಲು ಕೇಳಿದ್ದು ಗಾಡಿ ಯಾವುದು, ಮಾಡೆಲ್ ಯಾವುದು ಅಂತಲ್ಲ.

"ತಮ್ಮಾ, ಈ ಗಾಡಿ ಯಾರ್ಯಾರು ಓಡಸ್ತೀರಿ?"

"ನಾನು, ನನ್ನ ತಮ್ಮ. ಅವ್ವನ್ನ ದವಾಖಾನಿಗೆ ಕರ್ಕೊಂಡ ಹೋಗೂದಿದ್ರ ನಮ್ಮಾಕಿ ಓಡಸ್ತಾಳ್ರಿ ಕಾಕಾ."

"ಮೂರು ಮಂದಿ ಕೈ. ಹಂಗಾದ್ರ ನೆನಪು ಇಟ್ಕೋಬೇಕಾದ್ದು ಮನಷ್ಯಾ ಅಲ್ಲ, ಸ್ವಿಚ್ ತಾನ ಮರೀಬೇಕು. ಖಾಯಮ್ ಜೋಡಸೂ ಕೆಲಸ ನಾ ಮಾಡಂಗಿಲ್ಲ."

ಈ ಅಂಗಡಿಯ ಬಗ್ಗೆ ಬರೆಯಲು ಕೂತದ್ದು ಆ ಒಂದು ಮಾತಿಗಾಗಿ. ಬೇರೆಯವರು ಒಂದು ಆನ್‌ಆಫ್ ಸ್ವಿಚ್ ಹಾಕಿಕೊಡುತ್ತಾರೆ, ಏರು ಹತ್ತಿದ ಮೇಲೆ ನೀವು ಆಫ್ ಮಾಡಲು ಮರೆತರೆ ಮತ್ತೆ ಅದೇ ಬಾನಿ, ಅದೇ ಕರು. ಕಾಕಾ ಮಾಡಿದ್ದು ಹೀಗೆ: ಒತ್ತಿ ಬಿಡುವ ಸಣ್ಣ ಬಟನ್, ಹೆಡ್‌ಲೈಟಿಗೆ ಹಾಕುತ್ತಾರಲ್ಲ ಅಂಥ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟಿನ ದಾರಿ ತೆರೆದು ಮುಚ್ಚುವ ಸ್ವಿಚ್), ಒಂದು ಕೆಂಪು ದೀಪ. ಕೀ ಆನ್ ಇದ್ದಾಗ ಬಟನ್ ಒತ್ತಿದರೆ ಮೊದಲ ರಿಲೇ ಎಳೆದುಕೊಳ್ಳುತ್ತದೆ, ತನ್ನ ಕಾಂಟ್ಯಾಕ್ಟಿನಿಂದಲೇ ತನಗೆ ಕರೆಂಟ್ ಕೊಟ್ಟುಕೊಂಡು ಹಿಡಿದು ನಿಲ್ಲುತ್ತದೆ. ಎರಡನೆಯದು ಕ್ಲಚ್ ಸ್ವಿಚ್ಚಿನ ಎರಡು ವೈರಿನ ನಡುವೆ ಸೇತುವೆ ಹಾಕುತ್ತದೆ. ದೀಪ ಹತ್ತುತ್ತದೆ. ಕೀ ಆಫ್ ಮಾಡಿದ ಕ್ಷಣ ಎರಡೂ ಬಿಟ್ಟುಬಿಡುತ್ತವೆ. ಮುಂದಿನ ಸಲ ಕೀ ತಿರುವಿದವನು ಕ್ಲಚ್ ತುಳಿಯಲೇಬೇಕು.

ಕೆಲಸ ಮೊದಲ ಸಲಕ್ಕೇ ಸರಿಯಾಗಲಿಲ್ಲ, ಅದನ್ನೂ ಬರೆಯಬೇಕು. ರಿಲೇಗೆ ಕರೆಂಟನ್ನು ಟೇಪ್ ರೆಕಾರ್ಡರ್ ಲೈನಿನಿಂದ ತಗೊಂಡಿದ್ದರು. ಬಟನ್ ಒತ್ತಿದರೆ ದೀಪ ಹತ್ತುತ್ತಿತ್ತು, ಕೀಯನ್ನು ಸೆಲ್ಫಿಗೆ ತಿರುವಿದ ಕೂಡಲೇ ಆರಿಹೋಗುತ್ತಿತ್ತು. ಶಾಗಿರ್ದ ಹುಡುಗ ರಿಲೇ ಕೆಟ್ಟಿದೆ ಅಂದ. ಕಾಕಾ ಟೆಸ್ಟ್ ಲ್ಯಾಂಪ್ ಹಿಡಿದು ನನ್ನನ್ನೇ ಕರೆದು ತೋರಿಸಿದರು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಶಕ್ತಿಯೆಲ್ಲ ಮೋಟಾರಿಗೆ ಸಿಗಲಿ ಅಂತ ರೇಡಿಯೋ, ಫ್ಯಾನ್‌ಗಳ ಲೈನು ತಾನಾಗಿ ಕಡಿದುಹೋಗುತ್ತದೆ. ಎಂಜಿನ್ ನಡೆಸುವ ಇಗ್ನಿಷನ್ ಲೈನು ಮಾತ್ರ ಕೀ ಆನ್‌ನಲ್ಲಿದ್ದರೂ ಸೆಲ್ಫಿನಲ್ಲಿದ್ದರೂ ಜೀವಂತ. ಅದನ್ನು ಹುಡುಕಿ, 5 ಆಂಪಿಯರ್ ಫ್ಯೂಸ್ ಹಾಕಿ, ಅಲ್ಲಿಂದ ಎಳೆದರು. ಆಮೇಲೆ ದೀಪ ಆರಲಿಲ್ಲ.

ನನಗೆ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು. ಹಳೆ ಅಂಗಡಿಯವರು ಕತ್ತರಿಸಿದ್ದ ವೈರನ್ನು ಬೆಸುಗೆ ಹಾಕಿ, ಮೇಲೆ ಶಾಖಕ್ಕೆ ಬಿಗಿಯಾಗುವ ಕೊಳವೆ ಹಾಕಿ ಮೊದಲಿನ ಹಾಗೆ ಮಾಡಿದರು. ಕಾಕಾ ತಾವು ಹಾಕಿದ ಹೊಸ ವೈರನ್ನು ಅದಕ್ಕೆ ಪಕ್ಕದಿಂದ ಜೋಡಿಸಿದರು, ಕಂಪನಿಯ ವೈರು ಎಲ್ಲೂ ತುಂಡಾಗಲಿಲ್ಲ. ನಾಳೆ ಬೇಡ ಅನಿಸಿದರೆ ಎರಡು ಪಿನ್ ಕಿತ್ತರೆ ಸಾಕು. ಬಟನ್ ಇಷ್ಟು ಸಣ್ಣದು, ಕರೆಂಟ್ ತಾಳುತ್ತದೆಯೇ ಅಂತ ಕೇಳಿದೆ. ಮೀಟರ್ ಹಚ್ಚಿ ತೋರಿಸಿದರು: ರಿಲೇ ಕಾಯಿಲ್ 80 ಓಮ್ ಬರುತ್ತದೆ, 12 ವೋಲ್ಟಿಗೆ 0.15 ಆಂಪಿಯರ್. ಕ್ಲಚ್ ಸ್ವಿಚ್ಚಿನಲ್ಲೂ ನನ್ನ ಗಾಡಿಯಲ್ಲಿ ಹರಿಯುವುದು ಸೆಲ್ಫ್ ರಿಲೇಯ ಅಷ್ಟೇ ಸಣ್ಣ ಕರೆಂಟ್. ನೂರಾರು ಆಂಪಿಯರ್ ಬೀಳುವುದು ಬ್ಯಾಟರಿಯಿಂದ ಮೋಟಾರಿಗೆ ಹೋಗುವ ದಪ್ಪ ಕೇಬಲ್ಲಿನಲ್ಲಿ ಮಾತ್ರ. ಕೆಲವು ಹಳೆ ಗಾಡಿಗಳಲ್ಲಿ ಕೀಯಿಂದ ನೇರ ಸೆಲ್ಫ್ ಮೋಟಾರಿನ ಮೇಲಿನ ಸೊಲೆನಾಯ್ಡಿಗೆ, ಅಂದರೆ ಹೆಚ್ಚು ಕರೆಂಟ್ ಎಳೆಯುವ ಕಾಯಿಲಿಗೆ, ವೈರು ಹೋಗಿರುತ್ತದೆ, ಅಲ್ಲಿ ಇಂಥ ಬಟನ್ ಒಂದನ್ನೇ ನಡುವೆ ಹಾಕಿದರೆ ಸುಟ್ಟುಹೋಗುತ್ತದೆ. ರಿಲೇ ಬೇಕೇ ಬೇಕು.

ಆಗಸ್ಟ್‌ನಲ್ಲಿ ಅದೇ ಏರಿನಲ್ಲಿ, ಈ ಸಲ ಚೀಲವಿಲ್ಲದೆ, ಬೇಕಂತಲೇ ಬಂದ್ ಬೀಳಿಸಿ ನೋಡಿದೆ. ಹಿಂದೆ ಯಾರನ್ನೂ ನಿಲ್ಲಿಸಲಿಲ್ಲ. ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರ್, ಜೊತೆಗೆ ಫಸ್ಟ್ ಗೇರ್. ಬಲಗಾಲು ಬ್ರೇಕಿನ ಮೇಲೆ, ಹ್ಯಾಂಡ್‌ಬ್ರೇಕ್ ಎಳೆದಿದೆ, ಎಡಗಾಲು ಕ್ಲಚ್ಚಿನಿಂದ ದೂರ. ಕೀ ಆಫ್ ಮಾಡಿ ಮತ್ತೆ ಆನ್, ಡೀಸೆಲ್ ಎಂಜಿನ್ ಬಿಸಿ ಮಾಡುವ ಹೀಟರಿನ ದೀಪ ಆರುವವರೆಗೆ ಕಾಯ್ದೆ, ಬಟನ್ ಒತ್ತಿದೆ, ಕೆಂಪು ದೀಪ. ಹ್ಯಾಂಡ್‌ಬ್ರೇಕ್ ಇಳಿಸಿ ಕೀ ತಿರುವುತ್ತ ಬ್ರೇಕ್ ಸಡಿಲಿಸಿದೆ. ಗಾಡಿ ಎತ್ತು ಕೊರಳು ಕೊಟ್ಟ ಹಾಗೆ ಒಮ್ಮೆ ಮುಂದಕ್ಕೆ ಬಾಗಿ, ನಿಧಾನಕ್ಕೆ ಎದ್ದಿತು. ಎರಡು ಸೆಕೆಂಡಿನಲ್ಲಿ ಎಂಜಿನ್ ಹಿಡಿಯಿತು. ಒಂದು ಗೇಣೂ ಹಿಂದೆ ಜಾರಲಿಲ್ಲ.

ಇಷ್ಟು ನಿಧಾನ ಯಾಕೆ ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. ಸೆಲ್ಫ್ ಎಂಜಿನ್ನನ್ನು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿಸುತ್ತದೆ ಅನ್ನಿ. ವೇಗ ಇಳಿಸುವ ಪಟ್ಟು ಫಸ್ಟ್ ಗೇರಿನಲ್ಲಿ 4, ಲೋದಲ್ಲಿ 2.5, ಆಕ್ಸಲ್‌ನಲ್ಲಿ 4 ಅಂತ ಹಿಡಿದು ಗುಣಿಸಿದರೆ ಒಟ್ಟು 40. ಚಕ್ರ ನಿಮಿಷಕ್ಕೆ 5 ಸುತ್ತು. ಟೈರಿನ ಸುತ್ತಳತೆ 2.3 ಮೀಟರ್, ಅಂದರೆ ನಿಮಿಷಕ್ಕೆ ಹನ್ನೊಂದೂವರೆ ಮೀಟರ್. ಲೋ ಹಾಕದೆ ಮಾಡಿದರೆ ವೇಗ ಎರಡೂವರೆ ಪಟ್ಟು, ಮೋಟಾರಿನ ಮೇಲೆ ಭಾರವೂ ಎರಡೂವರೆ ಪಟ್ಟು. ಹಾಗಾಗಿ ಲೋ ಇಲ್ಲದ ಗಾಡಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಐದು ಸೆಕೆಂಡಿಗಿಂತ ಹೆಚ್ಚು ಎಳೆಸಬೇಡ, ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ನೋಡು ಅಂತ ಕಾಕಾ ಹೇಳಿದ್ದಾರೆ. ಬ್ಯಾಟರಿ ಸೋತಿದ್ದರೆ ಇದನ್ನು ನಂಬಿ ಏರಿಗೆ ಹೋಗಲೇಬಾರದು. ಏರು ಹತ್ತುವುದೇ ಇಲ್ಲ ಅಂತ ಖಾತ್ರಿಯಾದರೆ ಬ್ರೇಕ್ ಗಟ್ಟಿ ಹಿಡಿದು ರಿವರ್ಸ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟು, ಇದೇ ರೀತಿ ಹಿಂದಕ್ಕೆ ಇಳಿಯಬಹುದು. ಎಂಜಿನ್ನಿನ ಹಿಡಿತದಲ್ಲಿ ಇಳಿಯುವುದು ನ್ಯೂಟ್ರಲ್‌ನಲ್ಲಿ ಜಾರುವುದಕ್ಕಿಂತ ಎಷ್ಟೋ ಪಾಲು ಮೇಲು.

ಅಂಗಡಿಯ ಕೊರತೆಗಳು. ಬಿಲ್ ಕೊಡುವುದಿಲ್ಲ, ಕೇಳಿದರೆ ಚೀಟಿಯ ಮೇಲೆ ಮೊತ್ತ ಬರೆದುಕೊಡುತ್ತಾರೆ. ನನಗೆ ಆದದ್ದು 1,850 ರೂಪಾಯಿ, ಕೆಲಸಕ್ಕೆ ಮೂರೂವರೆ ತಾಸು. ಫೋನ್ ಎತ್ತುವುದು ಕಡಿಮೆ. ವೈರಿಂಗ್ ನಕ್ಷೆ ಕೊಡಲಿಲ್ಲ. ನಾನೇ ಗೊಬ್ಬರದ ಚೀಟಿಯ ಹಿಂದೆ ಬರೆದುಕೊಂಡು, ಯಾವ ಬಣ್ಣದ ವೈರು ಎಲ್ಲಿಗೆ ಅಂತ ಕೇಳಿ ಕೇಳಿ ತುಂಬಿಸಿದೆ, ಬೇಸರ ಮಾಡಿಕೊಳ್ಳದೆ ಹೇಳಿದರು. ಆ ಚೀಟಿ ಈಗ ಗಾಡಿಯ ಪುಸ್ತಕದೊಳಗಿದೆ. ಕೆಂಪು ದೀಪವನ್ನು ಗೇರಿನ ಹತ್ತಿರ ಕೆಳಗೆ ಹಾಕಿದ್ದಾರೆ, ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಿದ್ದು ಕಾಣುವುದಿಲ್ಲ. ಇದು ಸಣ್ಣ ತಪ್ಪಲ್ಲ, ಹತ್ತಿದ್ದು ಗೊತ್ತಾಗದ ದೀಪ ಇದ್ದೂ ಇಲ್ಲದ ಹಾಗೆ.

ಕಂಪನಿ ವಾರಂಟಿ ಇರುವ ಗಾಡಿಗೆ, ಬಟನ್ ಒತ್ತಿ ಚಾಲೂ ಮಾಡುವ ಹೊಸ ಗಾಡಿಗೆ ಕಾಕಾ ಕೈ ಹಾಕುವುದಿಲ್ಲ. ಅಲ್ಲಿ ಕ್ಲಚ್ಚಿನ ಸುದ್ದಿ ಕಂಪ್ಯೂಟರಿಗೂ ಹೋಗಿರುತ್ತದೆ, ಸುಮ್ಮನೆ ಸೇತುವೆ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಬೇರೆ ದೀಪಗಳು ಹತ್ತಬಹುದು. ನನ್ನೆದುರಿಗೇ ಒಬ್ಬರನ್ನು ಹಾಗೇ ವಾಪಸ್ ಕಳಿಸಿದರು, ದುಡ್ಡು ಹೆಚ್ಚು ಕೊಡುತ್ತೇನೆ ಅಂದರೂ.

ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಮೂರು ಗಾಡಿಗಳೊಳಗೆ ನಿಮ್ಮದಿರಲಿ. ಬ್ಯಾಟರಿ ಚಾರ್ಜ್ ಮಾಡಿಕೊಂಡು ಹೋಗಿ, ಪರೀಕ್ಷೆಗೆ ಹತ್ತಾರು ಸಲ ಸೆಲ್ಫ್ ಹೊಡೆಸುತ್ತಾರೆ. ನಾನು ಬರುವ ಸೋಮವಾರ ಮತ್ತೆ ಹೋಗುತ್ತಿದ್ದೇನೆ, ದೀಪವನ್ನು ಸ್ಟೇರಿಂಗಿನ ಹಿಂದೆ ನೆರಳಿಗೆ ಹಾಕಿಸಲು. ಈ ಸಲ ತಮ್ಮನೂ ಬರುತ್ತಾನೆ, ಕಾಕಾ ಅವನ ಕೈಯಲ್ಲೇ ಬಟನ್ ಒತ್ತಿಸಿ, ಕೀ ತೆಗೆಸಿ, ದೀಪ ಆರುವುದನ್ನು ತೋರಿಸುತ್ತೇನೆ ಅಂದಿದ್ದಾರೆ.