ಚರ್ಮವೈದ್ಯರ ಕ್ಲಿನಿಕ್, ಚೈನ್ ಕ್ಲಿನಿಕ್, ದೊಡ್ಡ ಆಸ್ಪತ್ರೆ: ಯಾವ ಕೆಲಸಕ್ಕೆ ಎಲ್ಲಿ?

ಅಂದಕ್ಕಾಗಿ ಲೇಸರ್, ಚುಚ್ಚುಮದ್ದು ಮಾಡಿಸಿಕೊಳ್ಳುವ ಮುನ್ನ ಮೊದಲು ನೋಡಬೇಕಾದ್ದು ಸೂಜಿ ಹಿಡಿಯುವ ಕೈ ಯಾರದು ಅನ್ನುವುದನ್ನು. ಚರ್ಮವೈದ್ಯರ ಸ್ವಂತ ಕ್ಲಿನಿಕ್‌ನಲ್ಲಿ ಪರೀಕ್ಷಿಸುವವರೂ ಚುಚ್ಚುವವರೂ ಸಾಮಾನ್ಯವಾಗಿ ಒಬ್ಬರೇ. ಒಂದೇ ಹೆಸರಲ್ಲಿ ಹಲವು ಶಾಖೆ ನಡೆಸುವ ಚೈನ್‌ಗಳಲ್ಲಿ ಮಾತಾಡಿಸುವವರು ಒಬ್ಬರು, ಲೇಸರ್ ಹಿಡಿಯುವವರು ಇನ್ನೊಬ್ಬರು ಇರಬಹುದು. ಹೆಸರು, ನೋಂದಣಿ ಸಂಖ್ಯೆ ಕೇಳಿ. ಅಷ್ಟಕ್ಕೇ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಖರ್ಚಿನಲ್ಲಿ ಚೈನ್ ಪ್ಯಾಕೇಜ್ ಅಗ್ಗ ಕಾಣುತ್ತದೆ. ಆದರೆ ಆರು ಸಿಟಿಂಗ್‌ಗೆ ಮುಂಗಡ ಕಟ್ಟಿ, ಎರಡನೆಯದರಲ್ಲೇ ಚರ್ಮ ಸುಟ್ಟರೆ? ಕೂದಲು ತೆಗೆಸುವ ಲೇಸರ್‌ನಂಥ ಹಲವು ಸುತ್ತಿನ ಕೆಲಸಕ್ಕೆ, ರಜೆ ಹಾಕಲಾಗದವರಿಗೆ ಚೈನ್ ಅನುಕೂಲವೇ ಸರಿ. ಕಪ್ಪು ಮೈಬಣ್ಣದವರು 1064 ನ್ಯಾನೊಮೀಟರ್ ತರಂಗದೂರದ ಎನ್‌ಡಿ-ಯಾಗ್ ಅನ್ನುವ ಬಗೆಯ ಲೇಸರ್ ಇದೆಯೇ ವಿಚಾರಿಸಿ. ಸುಡುವ ಅಪಾಯ ಕಡಿಮೆ.

ತುಟಿ, ಕೆನ್ನೆ ತುಂಬಿಕೊಳ್ಳಲೆಂದು ಚರ್ಮದಡಿ ಚುಚ್ಚುವ ಫಿಲ್ಲರ್ ಮಾತೇ ಬೇರೆ. ಅದು ರಕ್ತನಾಳಕ್ಕೆ ಹೋದರೆ ಆ ಜಾಗದ ಚರ್ಮ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಹೈಯಲುರಾನಿಕ್ ಆಮ್ಲದ ಫಿಲ್ಲರ್ ಕರಗಿಸುವ ಹೈಯಲುರಾನಿಡೇಸ್ ಎಂಬ ಮದ್ದು ಅಲ್ಲೇ ಇಟ್ಟಿದ್ದಾರೆಯೇ? ಗೋಡೆಯ ಮೇಲಿನ ಹತ್ತು ಪ್ರಮಾಣಪತ್ರಕ್ಕಿಂತ ನನಗೆ ಈ ಉತ್ತರ ಮುಖ್ಯ. ಫಿಲ್ಲರ್ ಪೊಟ್ಟಣದ ಸೀಲ್ ನಿಮ್ಮೆದುರೇ ಒಡೆಯಲಿ, ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ. ಇದಕ್ಕೆ ಅನುಭವಿ ಚರ್ಮವೈದ್ಯರೋ ಪ್ಲಾಸ್ಟಿಕ್ ಸರ್ಜನ್ನರೋ ಬೇಕು.

ಆಸ್ಪತ್ರೆಯಲ್ಲಿ ಕಾಯುವುದು ಜಾಸ್ತಿ, ನಯದ ಮಾತು ಕಡಿಮೆ. ಆದರೂ ಕೊಬ್ಬು ತೆಗೆಸುವಂಥ, ಅರಿವಳಿಕೆ ಬೇಕಾದ ಕೆಲಸವಿದ್ದರೆ, ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇದ್ದರೆ ಅಲ್ಲಿಗೇ ಹೋಗಿ.