ಬ್ರೇಕ್ ಕ್ಯೂಗೆ ಯಾವ ಟಿಪ್? ನಾಲ್ಕನ್ನೂ ಒಂದೇ ಕ್ಯೂಗೆ ಹಾಕಿ ನೋಡಿದ್ದು

ಪೂಲ್ ಆಟ ಶುರುವಾಗುವುದು ಬ್ರೇಕ್‌ನಿಂದ, ಅಂದರೆ ಜೋಡಿಸಿಟ್ಟ ಬಾಲ್‌ಗಳ ಗುಂಪನ್ನು ಒಡೆಯುವ ಮೊದಲ ಜೋರು ಏಟಿನಿಂದ. ಅದಕ್ಕೆಂದೇ ಇಡುವ ಕೋಲು ಬ್ರೇಕ್ ಕ್ಯೂ, ಅದರ ತುದಿಯಲ್ಲಿ ಬಾಲ್‌ಗೆ ತಾಗುವ ಬಿಲ್ಲೆ ಟಿಪ್. ದಾವಣಗೆರೆಯ ಪೂಲ್ ಪಾರ್ಲರ್‌ನಲ್ಲಿ ಬ್ರೇಕ್ ಕ್ಯೂಗೆ ಯಾವ ಟಿಪ್ ಹಾಕಿಸಬೇಕು ಅಂತ ಕೇಳಿದರೆ ನನಗೆ ಸಿಕ್ಕ ಉತ್ತರ ಒಂದೇ: "ಇರೋದೇ ಇದು ಅಣ್ಣಾ." ಅಂದರೆ ಎಲ್ಕ್ ಮಾಸ್ಟರ್. ಕೌಂಟರ್ ಕೆಳಗೆ 50ರ ಡಬ್ಬಿ ಇರುತ್ತದೆ. ಸ್ನೂಕರ್ ಕ್ಯೂಗೂ ಅದೇ, ಪೂಲ್ ಕ್ಯೂಗೂ ಅದೇ, ಬ್ರೇಕ್ ಕ್ಯೂಗೂ ಅದೇ. ಶಿಕಾಗೋದ ಟ್ವೀಟನ್ ಕಂಪನಿಯ ಮೆತ್ತನೆ ಚರ್ಮದ ಟಿಪ್ ಅದು. ಆಟ ಆಡುವ ಕ್ಯೂಗೆ ಅದನ್ನು ಬೈಯುವ ಹಾಗೇ ಇಲ್ಲ. ಬ್ರೇಕ್ ಹೊಡೆಯೋದಕ್ಕೆ ಮಾತ್ರ ಬೇರೆ ಲೆಕ್ಕ.

ನನ್ನ ಬ್ರೇಕ್ ಕ್ಯೂ 19 ಔನ್ಸಿನದು, ಟಿಪ್ ಕೂರುವ ತುದಿಯ ಬಳೆ, ಅಂದರೆ ಫೆರೂಲ್, 13 ಎಂಎಂ. ಜೊತೆಗೆ ಬಂದಿದ್ದ ಟಿಪ್ ಸವೆದು ಫೆರೂಲ್ ಅಂಚು ವೈಟ್‌ಗೆ (ಕ್ಯೂನಿಂದ ಹೊಡೆಯುವ ಬಿಳಿ ಬಾಲ್‌ಗೆ) ತಾಗುವ ಹಂತಕ್ಕೆ ಬಂದಿತ್ತು. ಹೇಗಿದ್ದರೂ ಬದಲಿಸಬೇಕು, ಒಂದೊಂದಾಗಿ ಎಲ್ಲ ಹಾಕಿ ನೋಡಿಬಿಡೋಣ ಅಂದುಕೊಂಡೆ. ಕಣದಲ್ಲಿದ್ದವು ನಾಲ್ಕು: ಎಲ್ಕ್ ಮಾಸ್ಟರ್, ಅದೇ ಎಲ್ಕ್ ಮಾಸ್ಟರನ್ನು ಹಾಲಲ್ಲಿ ನೆನೆಸಿ ವೈಸ್‌ನಲ್ಲಿ ಹಿಂಡಿದ್ದು, ಹಂದಿ ಚರ್ಮದ ಪದರಗಳನ್ನು ಅಂಟಿಸಿ ಮಾಡಿದ ದುಬಾರಿ ಹಾರ್ಡ್ ಟಿಪ್, ಕೊನೆಗೆ ಗಟ್ಟಿ ಪ್ಲಾಸ್ಟಿಕ್ ಜಾತಿಯ ಫೀನಾಲಿಕ್. ಕ್ಯೂ ಒಂದೇ, ಟೇಬಲ್ ಒಂದೇ, ಹೊಡೆಯುವ ಕೈಯೂ ಒಂದೇ.

ಮೊದಲು ವೇಗದ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳೋದು ಅದನ್ನೇ. ಟಿಪ್ ಮೆತ್ತಗಿದ್ದರೆ ಏಟಿನ ಒಂದಷ್ಟು ಶಕ್ತಿ ಚರ್ಮವನ್ನು ಕುಗ್ಗಿಸುವುದರಲ್ಲೇ ಹೋಗುತ್ತದೆ. ಗಟ್ಟಿಯಿದ್ದಷ್ಟೂ ವೈಟ್‌ಗೆ ಜಾಸ್ತಿ ಸಿಗುತ್ತದೆ. ಅಮೆರಿಕದ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದ ಡೇವ್ ಆಲ್ಸಿಯಾಟೋರ್ ಪೂಲ್ ಆಟದ ಭೌತಶಾಸ್ತ್ರವನ್ನೇ ಹಿಡಿದು ಕೂತವರು. ಅವರ ಲೆಕ್ಕದಲ್ಲಿ ಏಟಿನ ಪುಟಿತ (ತಾಗುವ ವೇಗಕ್ಕೆ ಬೇರ್ಪಡುವ ವೇಗ ಎಷ್ಟು ಪಾಲು ಅನ್ನುವ ಅಂಕಿ) ಚರ್ಮಕ್ಕೆ 0.73ರ ಆಸುಪಾಸು, ಫೀನಾಲಿಕ್‌ಗೆ 0.85ರ ಆಸುಪಾಸು. ಒಂದಕ್ಕೆ ಹತ್ತಿರವಾದಷ್ಟೂ ನಷ್ಟ ಕಡಿಮೆ. 19 ಔನ್ಸಿನ ಕ್ಯೂ, 6 ಔನ್ಸಿನ ವೈಟ್ ಇಟ್ಟುಕೊಂಡು ಗುಣಿಸಿದರೆ, ಕೈಯ ವೇಗ ಒಂದೇ ಇದ್ದಾಗ ಫೀನಾಲಿಕ್‌ನಲ್ಲಿ ವೈಟ್ ನೂರಕ್ಕೆ 6-7ರಷ್ಟು ಜೋರಾಗಿ ಹೋಗಬೇಕು.

ಕೇಳೋದಕ್ಕೆ ಚೆನ್ನಾಗಿದೆ. ಟೇಬಲ್ ಮೇಲೆ ಅದೆಷ್ಟು? ಫೋನ್‌ನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಸಿಗುತ್ತವೆ. 9 ಅಡಿ ಟೇಬಲ್‌ನಲ್ಲಿ ವೈಟ್ ಇಟ್ಟು ಹೊಡೆಯುವ ಬ್ರೇಕ್ ಗೆರೆಯಿಂದ, ಗುಂಪಿನ ಮೊದಲ ಬಾಲ್ ಇಡುವ ಫುಟ್ ಸ್ಪಾಟ್‌ಗೆ 127 ಸೆಂಟಿಮೀಟರ್. ಗಂಟೆಗೆ 32 ಕಿಲೋಮೀಟರ್ ವೇಗದ ಒಳ್ಳೆಯ ಬ್ರೇಕ್‌ನಲ್ಲಿ ವೈಟ್ ಇಷ್ಟು ದೂರ ದಾಟಲು ಸುಮಾರು 34 ಫ್ರೇಮ್ ಬೇಕು. ಟಿಪ್‌ನಿಂದ ಆಗುವ ವ್ಯತ್ಯಾಸ ಅದರಲ್ಲಿ ಎರಡು ಫ್ರೇಮ್. ನನ್ನ ವೀಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ಎಣಿಸಿದರೆ, ಒಂದೇ ಟಿಪ್‌ನಲ್ಲಿ ನಾನು ಹೊಡೆದ ಎರಡು ಏಟುಗಳ ನಡುವೆಯೇ ಅದಕ್ಕಿಂತ ಜಾಸ್ತಿ ಅಂತರ ಇತ್ತು. ಊಟ ಆದಮೇಲೆ ಹೊಡೆದ ಬ್ರೇಕ್ ಬೇರೆ, ಊಟಕ್ಕೆ ಮುಂಚಿನದೇ ಬೇರೆ! ಹಾಗಾಗಿ ವೇಗವನ್ನು ನೋಡಿ ಟಿಪ್ ಆರಿಸುವುದು ನಮ್ಮಂಥವರಿಗೆ ಸುಮ್ನೆ. ವೈಟ್ ಎಲ್ಲಿ ಬಂದು ನಿಲ್ಲುತ್ತದೆ, ಟಿಪ್ ಜಾರಿ ಮಿಸ್‌ಕ್ಯೂ ಎಷ್ಟು ಆಗುತ್ತದೆ, ಟಿಪ್ ಆಕಾರ ಎಷ್ಟು ದಿನ ಉಳಿಯುತ್ತದೆ, ಇವನ್ನು ನೋಡಬೇಕು.

ಎಲ್ಕ್ ಮಾಸ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಸದರಲ್ಲಿ ಏಟು ಹಿತವಾಗಿರುತ್ತದೆ, ಸದ್ದು ಕಡಿಮೆ, ಟಿಪ್ ಜಾರದಂತೆ ಹಚ್ಚುವ ಚಾಕ್ ಚೆನ್ನಾಗಿ ಕೂರುತ್ತದೆ. ಬ್ರೇಕ್ ಬಿದ್ದ ಹಾಗೆಲ್ಲ ತಲೆ ಅಗಲವಾಗಿ ಫೆರೂಲ್‌ನ ಆಚೆಗೆ ಅಣಬೆ ಥರ ಚಾಚಿಕೊಳ್ಳುತ್ತದೆ. ಬ್ಲೇಡ್‌ನಲ್ಲಿ ಸುತ್ತ ಕತ್ತರಿಸಿ, ಸ್ಯಾಂಡ್ ಪೇಪರ್ ಹಾಕಿ ಮತ್ತೆ ಸರಿ ಮಾಡಬೇಕು. ಪ್ರತಿ ಸಲ ಎತ್ತರ ಕಳೆದುಕೊಳ್ಳುತ್ತದೆ. ಮಾಡಿರುವುದೇ ಮೆತ್ತನೆ ಏಟಿಗೆ, ಅದರ ತಪ್ಪೇನಿಲ್ಲ.

ಪದರದ ಹಾರ್ಡ್ ಟಿಪ್ ಮೇಲೆ ನನಗೆ ಬಹಳ ಆಸೆ ಇತ್ತು. ಆನ್‌ಲೈನ್‌ನಲ್ಲಿ ತರಿಸಿದ್ದು. ಒಂದು ಟಿಪ್‌ನ ದುಡ್ಡಿಗೆ ಎಲ್ಕ್ ಮಾಸ್ಟರ್ ಡಬ್ಬಿಯನ್ನೇ ಮನೆಗೆ ತರಬಹುದಿತ್ತೇನೋ. ಏಟಿನ ಹದ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಗಟ್ಟಿ, ಆದರೆ ಕೈಗೆ ಝುಮ್ ಅನ್ನುವುದಿಲ್ಲ. ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಹೊಡೆದರೆ ವೈಟ್ ಗುಂಪಿಗೆ ಬಡಿದು ಟೇಬಲ್ ನಡುವೆಯೇ ಕೂರುತ್ತಿತ್ತು. ಆಮೇಲೊಂದು ದಿನ ಸೈಡಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಉಗುರಿನಿಂದ ಒತ್ತಿದರೆ ಮೇಲಿನ ಪದರ ಏಳುತ್ತಿತ್ತು. ಸೂಪರ್‌ಗ್ಲೂ ಹಾಕಿ ಕೂರಿಸಿದೆ, ಮುಂದಿನ ವಾರ ಅದರ ಕೆಳಗಿನದು ಬಿಟ್ಟಿತು. ಆಟದ ಕ್ಯೂಗೆ ಹಾಕಿದ್ದರೆ ವರ್ಷ ಬರುತ್ತಿತ್ತು ಅಂತ ಈಗಲೂ ನಂಬಿದ್ದೇನೆ. ಬ್ರೇಕ್‌ಗೆ ಅಷ್ಟು ದುಡ್ಡು ಹಾಕಬೇಡಿ.

ಫೀನಾಲಿಕ್ ಅಂದರೆ ನಮ್ಮ ಎಲೆಕ್ಟ್ರಿಷಿಯನ್‌ಗಳು ಪ್ಯಾನೆಲ್ ಬೋರ್ಡಿಗೆ ಹಾಕುವ ಹೈಲಂ ಶೀಟಿನ ಜಾತಿ. ಬೇಕಲೈಟ್ ಅಂತಲೂ ಅಂತೀವಲ್ವಾ, ಅದೇ. ಬೆಲ್ಜಿಯಂನ ಅರಾಮಿತ್‌ನಂಥ ಒಳ್ಳೆಯ ಬಾಲ್‌ಗಳೂ ಫೀನಾಲಿಕ್ ರೆಸಿನ್‌ನವೇ. ಅಂದರೆ ಟಿಪ್ಪೂ ಅದೇ, ಬಾಲೂ ಅದೇ. ಒಂದಕ್ಕೊಂದು ಬಡಿದಾಗ ಬರುವ ಸದ್ದಿಗೆ ಪಕ್ಕದ ಸ್ನೂಕರ್ ಟೇಬಲ್‌ನವರು ಏಟು ನಿಲ್ಲಿಸಿ ತಿರುಗಿ ನೋಡುತ್ತಾರೆ. ಮಧ್ಯಕ್ಕೆ ಸರಿಯಾಗಿ ಬಿದ್ದ ಬ್ರೇಕ್ ಇದರಲ್ಲಿ ಬೇರೆಯೇ ಲೆವೆಲ್, ಒಪ್ಪಿಕೊಳ್ಳಲೇಬೇಕು. ಗುಂಪು ಒಡೆದು ಬಾಲ್‌ಗಳು ನಾಲ್ಕೂ ಕುಶನ್‌ಗೆ ಹೋಗಿ ಬಡಿಯುತ್ತವೆ.

ತೊಂದರೆ ಶುರುವಾಗುವುದು ಏಟು ಮಧ್ಯಕ್ಕೆ ಬೀಳದಿದ್ದಾಗ. ಜೋರಾಗಿ ಹೊಡೆಯುವಾಗ ಕ್ಯೂ ತುದಿ ಒಂದೆರಡು ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಚರ್ಮದ ಮೇಲೆ ಚಾಕ್ ಕೂರುತ್ತದೆ, ವೈಟ್ ಮಧ್ಯದಿಂದ ಅರ್ಧ ತ್ರಿಜ್ಯದಷ್ಟು ಆಚೆ ತಾಗಿದರೂ ಹೆಚ್ಚುಕಮ್ಮಿ ಹಿಡಿಯುತ್ತದೆ. ಫೀನಾಲಿಕ್ ಮೇಲೆ ಚಾಕ್ ಹಚ್ಚಿದರೆ ಪುಡಿಯಾಗಿ ಉದುರುತ್ತದೆ. ಸ್ವಲ್ಪ ಕೆಳಗೆ ಹೊಡೆಯಲು ಹೋದೆ, ಟಿಪ್ ಜಾರಿತು, ವೈಟ್ ಕುಶನ್ ಹಾರಿ ಕ್ಯಾರಂ ಆಡುತ್ತಿದ್ದ ಹುಡುಗರ ಕಾಲಡಿಗೆ ಹೋಯಿತು. ಪಾರ್ಲರ್ ಓನರ್ ಬಾಲ್ ಎತ್ತಿಕೊಂಡು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. "ವೈಟಿಗೆ ಗೀರು ಬಿತ್ತು ಅಂದ್ರೆ ಹೊಸ ಸೆಟ್ ನಿಮ್ ಕೈಲೇ ತರಸ್ತೀನಿ ನೋಡ್ರಿ" ಅಂದರು. ನಗುತ್ತಲೇ ಅಂದರು, ಆದರೆ ಸುಮ್ನೆ ಅಂದಿದ್ದಲ್ಲ.

ಅವರ ಮಾತಲ್ಲಿ ನ್ಯಾಯ ಇದೆ. ವರ್ಲ್ಡ್ ಪೂಲ್-ಬಿಲಿಯರ್ಡ್ ಅಸೋಸಿಯೇಷನ್ ನಿಯಮದಲ್ಲೇ, ವೈಟ್‌ಗೆ ಗೀರು ಹಾಕುವ ವಸ್ತುವಿನ ಟಿಪ್ ಇರಬಾರದು ಅಂತಿದೆ. ಅಗಲ 14 ಎಂಎಂ ದಾಟಬಾರದು ಅಂತಲೂ ಇದೆ. ಫೀನಾಲಿಕ್ ಹಾಕಿಸಿಕೊಂಡು ಟೂರ್ನಮೆಂಟ್‌ಗೆ ಹೋಗುವವರು ನಡೆಸುವವರನ್ನು ಮೊದಲೇ ಕೇಳಿಕೊಳ್ಳಿ. ಗಾಜಿನ ನಾರು ಮತ್ತು ಎಪಾಕ್ಸಿಯ ಜಿ-10 ಟಿಪ್ ಕೂಡ ಇದೇ ಸಾಲಿನದು, ಇನ್ನೂ ಗಟ್ಟಿ. ಅದನ್ನು ಉಜ್ಜುವಾಗ ಏಳುವ ಗಾಜಿನ ಪುಡಿ ಮೈಗೆ ತುರಿಕೆ, ಎದೆಗೆ ಕೆಡುಕು. ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಇನ್ನೊಂದು ಮಾತು. 8 ಬಾಲ್ ಬ್ರೇಕ್‌ಗೆ ನಿಯಮ ಕೇಳುವುದು ಇಷ್ಟೇ: ಒಂದು ಬಾಲ್ ತೂತಿಗೆ ಬಿದ್ದು ಪಾಟ್ ಆಗಬೇಕು, ಇಲ್ಲದಿದ್ದರೆ ನಾಲ್ಕು ಬಾಲ್ ಕುಶನ್‌ಗೆ ತಾಗಬೇಕು. ರ್‍ಯಾಕ್ (ಜೋಡಿಸಿಟ್ಟ ಬಾಲ್‌ಗಳ ಗುಂಪು) ಬಿಗಿಯಾಗಿದ್ದು ಏಟು ಮಧ್ಯಕ್ಕೆ ಬಿದ್ದರೆ ಮುಕ್ಕಾಲು ಜೋರಿನಲ್ಲೇ ಇದು ಆಗುತ್ತದೆ. ನಮ್ಮ ಪಾರ್ಲರ್‌ಗಳ ಹಳೇ ಬಟ್ಟೆಯಲ್ಲಿ ಫುಟ್ ಸ್ಪಾಟ್ ಹತ್ತಿರ ಗುಳಿ ಬಿದ್ದು ರ್‍ಯಾಕ್ ಸಡಿಲ ಕೂರುತ್ತದೆ. ಅಲ್ಲಿ ಯಾವ ಟಿಪ್ ಹಾಕಿ ಗುದ್ದಿದರೂ ಅರ್ಧ ಗುಂಪು ಅಲ್ಲೇ ಉಳಿಯುತ್ತದೆ.

ಈಗ ಹಾಲಿನ ಟಿಪ್. ಅಮೆರಿಕದ ಪೂಲ್ ಆಟಗಾರರು ಇದಕ್ಕೆ ಮಿಲ್ಕ್ ಡಡ್ ಅಂತಾರೆ, ಅಲ್ಲಿನ ಒಂದು ಚಾಕೊಲೇಟಿನ ಹೆಸರು. ಮೆತ್ತನೆ ಟಿಪ್ ಹಾಲು ಕುಡಿದು, ಒತ್ತಡದಲ್ಲಿ ಹಿಂಡಿಸಿಕೊಂಡು, ಒಣಗಿ ಕಲ್ಲಾಗುತ್ತದೆ. ಹಾಲಿನಲ್ಲಿರುವ ಕೇಸಿನ್ ಪ್ರೊಟೀನ್‌ನಿಂದ ಹಿಂದೆ ಮರಗೆಲಸದ ಅಂಟನ್ನೇ ಮಾಡುತ್ತಿದ್ದರು. ಚರ್ಮದ ನಾರಿನ ನಡುವೆ ಅದು ಕೂರುತ್ತದೆ ಅನ್ನುವುದು ಲೆಕ್ಕಾಚಾರ. ಗಟ್ಟಿಯಾಗುವುದರಲ್ಲಿ ದೊಡ್ಡ ಪಾಲು ಒತ್ತಡದ್ದೇ ಅಂತ ನನ್ನ ಅಂದಾಜು.

ಸ್ಟೀಲ್ ಲೋಟದಲ್ಲಿ ನಂದಿನಿ ನೀಲಿ ಪ್ಯಾಕೆಟ್ ಹಾಲು ಹಾಕಿ ರಾತ್ರಿಯಿಡೀ ಟಿಪ್ ನೆನೆಸಿಟ್ಟೆ. ಮೊದಲು ತೇಲುತ್ತದೆ, ಆಮೇಲೆ ಸಣ್ಣ ಗುಳ್ಳೆ ಬಿಟ್ಟು ಮುಳುಗುತ್ತದೆ. ಬೆಳಿಗ್ಗೆ ಗೆಳೆಯನ ಲೇತ್ ವರ್ಕ್‌ಶಾಪ್‌ಗೆ ಒಯ್ದೆ. "ಬೆಣ್ಣೆದೋಸೆ ಊರಲ್ಲಿ ಟಿಪ್ಪಿಗೂ ಹಾಲಾ ಮಾರಾಯಾ" ಅಂತ ನಕ್ಕ, ಆದರೆ ಕೆಲಸ ಮಾತ್ರ ನೀಟಾಗಿ ಮಾಡಿಕೊಟ್ಟ. ಸುಮ್ನೆ ವೈಸ್‌ನಲ್ಲಿ ಒತ್ತಿದರೆ ಟಿಪ್ ಅಗಲಕ್ಕೆ ಹರಡಿಕೊಂಡು ಹಾಳಾಗುತ್ತದೆ. ಅದಕ್ಕೆ ಅವನು 14 ಎಂಎಂ ತೂತಿನ ಒಂದು ಕಬ್ಬಿಣದ ಬಳೆ, ಒಳಗೆ ಕೂರುವ ಎರಡು ಗುಂಡು ತುಂಡು ತಿರುಗಿಸಿಕೊಟ್ಟ. ಬಳೆಯೊಳಗೆ ಟಿಪ್ ಇಟ್ಟು ವೈಸ್ ತಿರುಪುತ್ತಾ ಹೋದರೆ ಸಂದಿಯಿಂದ ಹಾಲು ಜಿನುಗುತ್ತದೆ. ಒಂದೇ ಸಲಕ್ಕೆ ಬಿಗಿ ಮಾಡಬಾರದು, ಸೀಳುತ್ತದೆ. ಕಾಲು ಸುತ್ತು, ಚಹಾ, ಮತ್ತೆ ಕಾಲು ಸುತ್ತು. ಮರುದಿನ ತೆಗೆದಾಗ ದಪ್ಪ ಅರ್ಧಕ್ಕೆ ಇಳಿದಿತ್ತು. ಮೇಜಿನ ಮೇಲೆ ಬೀಳಿಸಿದರೆ ಟಕ್ ಅಂತು, ಚರ್ಮ ಅಂತ ಹೇಳುವ ಹಾಗೇ ಇಲ್ಲ. ಒಡೆದ ಹಾಲಿನ ವಾಸನೆ ಇತ್ತು, ನೆರಳಲ್ಲಿ ಒಣಗಿಸಿದ ಮೇಲೆ ಹೋಯಿತು.

ಬ್ರೇಕ್‌ನಲ್ಲಿ ಇದು ನನಗೆ ಕೊಟ್ಟಿದ್ದು ಫೀನಾಲಿಕ್‌ನ ಗಟ್ಟಿತನಕ್ಕೆ ಹತ್ತಿರದ ಏಟು, ಜೊತೆಗೆ ಚರ್ಮದ ಹಿಡಿತ. ಸ್ಯಾಂಡ್ ಪೇಪರ್‌ನಲ್ಲಿ ಸ್ವಲ್ಪ ಕೆರೆದರೆ ಚಾಕ್ ಕೂರುತ್ತದೆ. ಮಿಸ್‌ಕ್ಯೂ ಅಪರೂಪ. ವೈಟ್ ಬಹುತೇಕ ಮಧ್ಯದಲ್ಲೇ ನಿಲ್ಲುತ್ತದೆ, ಮುಂದಿನ ಏಟಿಗೆ ದಾರಿ ಸಿಗುತ್ತದೆ. ಅಣಬೆ ಆಗಿಲ್ಲ. ಒಂದೇ ತಕರಾರು ಮಳೆಗಾಲದ್ದು. ತೇವ ಹಿಡಿದರೆ ಸ್ವಲ್ಪ ಉಬ್ಬುತ್ತದೆ, ಒಣಗುವುದಕ್ಕೂ ಜಾಸ್ತಿ ದಿನ ಬೇಕು. ಏಪ್ರಿಲ್ ಬಿಸಿಲಲ್ಲಿ ಮಾಡಿದ್ದೇ ಚೆನ್ನಾಗಿ ಬಂತು. ದಾವಣಗೆರೆ ಬಿಸಿಲಿಗೆ ಹೀಗೂ ಒಂದು ಉಪಯೋಗ.

ನನ್ನ ಕ್ಯೂನಲ್ಲಿ ಈಗ ಇರುವುದು ಇದೇ. ನೀವು ಪ್ರತಿ ಏಟನ್ನೂ ಮಧ್ಯಕ್ಕೇ ಹೊಡೆಯುವವರು, ಸ್ವಂತ ವೈಟ್ ಇಟ್ಟುಕೊಂಡವರು ಆಗಿದ್ದರೆ ಫೀನಾಲಿಕ್ ಹಾಕಿಸಿ, ಮತ್ತೆ ಟಿಪ್ ಕಡೆ ನೋಡುವ ಕೆಲಸವೇ ಇರುವುದಿಲ್ಲ. ಹಾಲು, ವೈಸ್ ಎಲ್ಲ ಯಾರಿಗೆ ಬೇಕು ಅನ್ನುವವರು ಟ್ವೀಟನ್‌ನದೇ ಟ್ರಯಾಂಗಲ್ ಕೇಳಿ ತರಿಸಿಕೊಳ್ಳಿ. ಒಂದೇ ತುಂಡಿನ ಒತ್ತಿದ ಚರ್ಮ, ಎಲ್ಕ್ ಮಾಸ್ಟರ್‌ಗಿಂತ ಗಟ್ಟಿ, ಬೆಲೆಯೂ ಕೈಗೆಟುಕುವಂಥದ್ದು.

ಕೂರಿಸುವಾಗ ಯಾವ ಟಿಪ್ ಆದರೂ ಅಡಿ ಸಪಾಟಾಗಿರಬೇಕು. ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ ಉಜ್ಜಿ. ಫೆರೂಲ್ ಮೇಲಿನ ಹಳೇ ಅಂಟನ್ನು ಪೂರ್ತಿ ತೆಗೆಯಿರಿ, ಸಣ್ಣ ಸೀಳೇನಾದರೂ ಇದೆಯಾ ನೋಡಿ. ಸೀಳಿರುವ ಫೆರೂಲ್ ಮೇಲೆ ಗಟ್ಟಿ ಟಿಪ್ ಹಾಕಿದರೆ ಮುಂದಿನ ಖರ್ಚು ಫೆರೂಲ್‌ದು. ಜೆಲ್ ಥರದ ಸೂಪರ್‌ಗ್ಲೂ ಒಳ್ಳೆಯದು, ನೀರಿನಂಥದ್ದನ್ನು ಚರ್ಮ ಹೀರಿಕೊಂಡುಬಿಡುತ್ತದೆ. ತಲೆಯ ಬಾಗಿಗೆ ಹಳೇ ಎಂಟಾಣೆ ಸ್ಟೀಲ್ ನಾಣ್ಯವನ್ನು ಪಕ್ಕಕ್ಕೆ ಹಿಡಿದು ಅಳತೆ ನೋಡಿ, ಬ್ರೇಕ್‌ಗೆ ಅಷ್ಟು ಸಪಾಟು ಸಾಕು. ನಾಲ್ಕಾಣೆಯ ಬಾಗು ಆಟದ ಕ್ಯೂಗೆ ಇರಲಿ.

ಹಾಲಿನ ಟಿಪ್ ಮಾಡುವವರು ಒಂದನ್ನೇ ನೆನೆಸಬೇಡಿ. ನಾಲ್ಕೈದು ಒಟ್ಟಿಗೆ ಹಾಕಿ, ಒಂದೆರಡು ವೈಸ್‌ನಲ್ಲಿ ಸೀಳೇ ಸೀಳುತ್ತವೆ.